ತಿದ್ದಿದ ಮೇಲೆ ಮಗು ಏನು ಹೇಳುತ್ತದೆ?

ಇಂಗ್ಲಿಷ್ ತರಗತಿಯಲ್ಲಿ ದಿನವೂ ಹತ್ತಾರು ಸಲ ನಡೆಯುವ, ಆದರೆ ಪಾಠಯೋಜನೆಯಲ್ಲಿ ಎಲ್ಲೂ ಬರೆದಿರದ ಕೆಲಸವೊಂದಿದೆ. ಮಗು ಓದುತ್ತಾ ‘ಲುಕೆಡ್’ ಎನ್ನುತ್ತದೆ. ಮೇಷ್ಟ್ರು ‘ಲುಕ್ಟ್’ ಎನ್ನುತ್ತಾರೆ. ಮಗು ಮುಂದಿನ ಪದಕ್ಕೆ ಹೋಗುತ್ತದೆ. ಇಷ್ಟು ನಡೆಯಲು ಒಂದೆರಡು ಸೆಕೆಂಡು ಸಾಕು. ಆ ಒಂದೆರಡು ಸೆಕೆಂಡಿನಲ್ಲಿ ಮಗುವಿನ ಕಿವಿಯಲ್ಲಿ, ನಾಲಿಗೆಯಲ್ಲಿ ಏನಾದರೂ ಬದಲಾಯಿತೇ? ಬದಲಾಗಿದ್ದರೆ ಅದು ನಾಳೆಗೂ ಉಳಿಯುತ್ತದೆಯೇ? ಅಥವಾ ಮೇಷ್ಟ್ರು ಸರಿಯಾದದ್ದನ್ನು ಹೇಳಿದರು ಎಂಬ ಸಮಾಧಾನ ಮಾತ್ರವೇ?

ಈ ಪ್ರಶ್ನೆ ಹೊಸದಲ್ಲ. 1978ರಲ್ಲಿ ಜೇಮ್ಸ್ ಹೆಂಡ್ರಿಕ್‌ಸನ್ ಎಂಬ ವಿದ್ವಾಂಸರು ಭಾಷೆ ಕಲಿಸುವವರ ಮುಂದೆ ಐದು ಪ್ರಶ್ನೆಗಳನ್ನಿಟ್ಟರು. ತಪ್ಪನ್ನು ತಿದ್ದಬೇಕೇ, ಯಾವಾಗ ತಿದ್ದಬೇಕು, ಯಾವ ತಪ್ಪನ್ನು ತಿದ್ದಬೇಕು, ಹೇಗೆ ತಿದ್ದಬೇಕು, ಯಾರು ತಿದ್ದಬೇಕು? ಆಮೇಲೆ ಬಂದ ಸಂಶೋಧನೆಯ ಬಹುಪಾಲು ವ್ಯಾಕರಣದ ತಪ್ಪುಗಳ ಸುತ್ತಲೇ ನಡೆಯಿತು. ಉಚ್ಚಾರವನ್ನೇ ಕೈಗೆತ್ತಿಕೊಂಡ ಗಟ್ಟಿಯಾದ ಪ್ರಯೋಗಗಳು ಹೆಚ್ಚಾಗಿ ಬಂದದ್ದು 2010ರ ನಂತರ. ಅವು ಹೇಳುವ ಸಂಗತಿಗಳು ನಮ್ಮ ಕನ್ನಡ ಶಾಲೆಗಳ ಇಂಗ್ಲಿಷ್ ಪೀರಿಯಡ್ಡಿಗೆ ಬಹಳ ಹತ್ತಿರದವು. ಆದರೂ ನಮ್ಮ ಶಿಕ್ಷಕರ ತರಬೇತಿಗಳಲ್ಲಿ ಅವುಗಳ ಸುದ್ದಿ ಕೇಳಿಬರುವುದು ಅಪರೂಪ.

ಮೊದಲು ತಿದ್ದುವ ಬಗೆಗಳನ್ನು ನೋಡೋಣ. ಕೆನಡಾದ ಮಾಂಟ್ರಿಯಲ್ ಸುತ್ತಮುತ್ತ ಇಂಗ್ಲಿಷ್ ಮನೆಮಾತಿನ ಮಕ್ಕಳು ಫ್ರೆಂಚ್ ಮಾಧ್ಯಮದಲ್ಲಿ ಓದುವ ಶಾಲೆಗಳಿವೆ. ಅಲ್ಲಿನ ನಾಲ್ಕು ತರಗತಿಗಳ 18 ಗಂಟೆಗೂ ಹೆಚ್ಚಿನ ಪಾಠವನ್ನು ರಾಯ್ ಲಿಸ್ಟರ್ ಮತ್ತು ಲೈಲಾ ರಾಂತಾ ಧ್ವನಿಮುದ್ರಿಸಿಕೊಂಡು, ಶಿಕ್ಷಕರು ತಿದ್ದುವ ಕ್ರಮವನ್ನು ಆರು ಬಗೆಗಳಾಗಿ ವಿಂಗಡಿಸಿ 1997ರಲ್ಲಿ ಪ್ರಕಟಿಸಿದರು. ಆರನ್ನೂ ಒಂದೊಂದಾಗಿ ವಿವರಿಸಬೇಕಿಲ್ಲ, ಮುಖ್ಯವಾಗಿ ಅವು ಮೂರು ಗುಂಪಾಗುತ್ತವೆ. ‘ಹಾಗಲ್ಲ, ಹೀಗೆ’ ಎಂದು ನೇರವಾಗಿ ಹೇಳುವುದು ಒಂದು. ತಪ್ಪೆಂದು ಹೇಳದೆ ಸರಿಯಾದ ರೂಪವನ್ನು ಶಿಕ್ಷಕರೇ ನುಡಿದು ಮುಂದೆ ಸಾಗುವುದು ಇನ್ನೊಂದು, ಇದನ್ನು ಇಲ್ಲಿ ಮರುನುಡಿ ಎಂದು ಕರೆಯುತ್ತೇನೆ. ಉತ್ತರ ಕೊಡದೆ, ‘ಏನಂದೆ?’ ಎಂದೋ, ಮಗು ಹೇಳಿದ್ದನ್ನೇ ಪ್ರಶ್ನೆಯ ದನಿಯಲ್ಲಿ ತಿರುಗಿ ಹೇಳಿಯೋ, ಅರ್ಧ ವಾಕ್ಯ ಹೇಳಿ ನಿಲ್ಲಿಸಿಯೋ ಮಗುವಿನಿಂದಲೇ ಸರಿರೂಪವನ್ನು ಹೊರಡಿಸುವುದು ಮೂರನೆಯದು. ಆ ತರಗತಿಗಳಲ್ಲಿ ತಿದ್ದುಪಡಿಗಳ ಶೇ. 55ರಷ್ಟು ಮರುನುಡಿಗಳೇ ಆಗಿದ್ದವು. ಅವುಗಳಲ್ಲಿ ಮಕ್ಕಳು ಏನಾದರೊಂದು ಪ್ರತಿಕ್ರಿಯೆ ಕೊಟ್ಟದ್ದು ಶೇ. 31ಕ್ಕೆ ಮಾತ್ರ. ಉಳಿದವಕ್ಕೆ ಮಕ್ಕಳಿಂದ ಯಾವ ಪ್ರತಿಕ್ರಿಯೆಯೂ ಬರಲಿಲ್ಲ. ಅರ್ಧ ಹೇಳಿ ನಿಲ್ಲಿಸಿ ಮಗುವಿಗೆ ಬಿಟ್ಟುಕೊಟ್ಟಾಗ ಪ್ರತಿಸಲವೂ ಮಗು ಏನಾದರೂ ಹೇಳಲೇಬೇಕಾಯಿತು.

ಇದನ್ನಷ್ಟೇ ಓದಿದರೆ ಮರುನುಡಿ ವ್ಯರ್ಥವೆಂದು ತೋರುತ್ತದೆ. ಎಷ್ಟೋ ಜನ ಹಾಗೆಯೇ ತೀರ್ಮಾನಿಸಿದ್ದಾರೆ. ಆದರೆ ಉಚ್ಚಾರಕ್ಕೆ ಬಂದಾಗ ಕತೆ ಬೇರೆ. ಅದೇ ಧ್ವನಿಮುದ್ರಣಗಳನ್ನು ಲಿಸ್ಟರ್ 1998ರಲ್ಲಿ ತಪ್ಪಿನ ಜಾತಿಗೆ ತಕ್ಕಂತೆ ಬೇರ್ಪಡಿಸಿ ನೋಡಿದಾಗ, ಶಿಕ್ಷಕರು ಉಚ್ಚಾರದ ತಪ್ಪಿಗೆ ಹೆಚ್ಚಾಗಿ ಮರುನುಡಿಯನ್ನೇ ಬಳಸುತ್ತಿದ್ದುದು ಕಂಡಿತು. ವ್ಯಾಕರಣದ ಮರುನುಡಿಗಿಂತ ಉಚ್ಚಾರದ ಮರುನುಡಿಯನ್ನು ಮಕ್ಕಳು ಎಷ್ಟೋ ಹೆಚ್ಚಾಗಿ ಹಿಡಿದು ತಿದ್ದಿಕೊಳ್ಳುತ್ತಿದ್ದರು. ಅಲಿಸನ್ ಮ್ಯಾಕಿ, ಸೂಸನ್ ಗ್ಯಾಸ್ ಮತ್ತು ಕಿಮ್ ಮೆಕ್‌ಡೊನೊ 2000ದಲ್ಲಿ ಮತ್ತೊಂದು ದಾರಿಯಿಂದ ಇದನ್ನೇ ಕಂಡರು. ಸಂಭಾಷಣೆಯ ವಿಡಿಯೋವನ್ನು ಕಲಿಯುವವರಿಗೇ ತೋರಿಸಿ, ‘ಇಲ್ಲಿ ಅವರು ಹಾಗೆ ಹೇಳಿದಾಗ ನಿನಗೆ ಏನನ್ನಿಸಿತ್ತು?’ ಎಂದು ಕೇಳಿದರು. ಉಚ್ಚಾರ ತಿದ್ದಿದ್ದು ಬಹಳಷ್ಟು ಜನರಿಗೆ ಉಚ್ಚಾರ ತಿದ್ದಿದಂತೆಯೇ ಕೇಳಿಸಿತ್ತು. ವ್ಯಾಕರಣ ತಿದ್ದಿದ್ದು ಮಾತ್ರ ಹೆಚ್ಚಿನ ಸಲ ವ್ಯಾಕರಣ ತಿದ್ದಿದಂತೆ ಕೇಳಿಸಿರಲಿಲ್ಲ.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮಗು ‘ಹಿ ಗೋ ಟು ಸ್ಕೂಲ್’ ಎಂದಾಗ ಟೀಚರ್ ‘ಯೆಸ್, ಹಿ ಗೋಸ್ ಟು ಸ್ಕೂಲ್’ ಎಂದರೆ, ಮಗುವಿಗೆ ಕೇಳಿಸುವುದು ‘ಯೆಸ್’. ತನ್ನ ಮಾತನ್ನು ಟೀಚರ್ ಒಪ್ಪಿದರು ಎಂದುಕೊಳ್ಳುತ್ತದೆ. ‘ಲುಕೆಡ್’ ಎಂದದ್ದಕ್ಕೆ ‘ಲುಕ್ಟ್’ ಎಂಬ ಒಂದೇ ಪದ ತಿರುಗಿ ಬಂದರೆ ಬೇರೆ ಅರ್ಥಕ್ಕೆ ಎಡೆಯಿಲ್ಲ. ಪದ ಅದೇ, ಅರ್ಥ ಅದೇ, ಬದಲಾದದ್ದು ಧ್ವನಿಯೊಂದೇ. ಹೀಗಾಗಿ ಇಂಗ್ಲಿಷ್ ಮೇಷ್ಟ್ರ ಬಾಯಿಗೆ ತಾನಾಗಿ ಬರುವ ಈ ಅಭ್ಯಾಸ ನಿರರ್ಥಕವಲ್ಲ. ವ್ಯಾಕರಣದ ಸಂಶೋಧನೆಯನ್ನು ಓದಿಕೊಂಡು ಬಂದ ತರಬೇತುದಾರರು ಮರುನುಡಿಯನ್ನು ತಳ್ಳಿಹಾಕಿದರೆ ಅದು ಉಚ್ಚಾರದ ಮಟ್ಟಿಗೆ ತಪ್ಪು ಸಲಹೆಯಾಗುತ್ತದೆ.

ಆದರೆ ಆ ಕ್ಷಣದಲ್ಲಿ ತಿರುಗಿ ಹೇಳುವುದು ಬೇರೆ, ಕಲಿಯುವುದು ಬೇರೆ. ಎರಡನೆಯದನ್ನು ಅಳೆಯಲು ಪ್ರಯೋಗ ಬೇಕು. ಇಲ್ಲಿ ಕಜುಯಾ ಸೈಟೊ ಮತ್ತು ಲಿಸ್ಟರ್ 2012ರಲ್ಲಿ ಪ್ರಕಟಿಸಿದ ಕೆಲಸವನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಅದು. ಜಪಾನಿ ಭಾಷಿಕರಿಗೆ ಇಂಗ್ಲಿಷಿನ ‘ರ’ ಮತ್ತು ‘ಲ’ ಬೇರೆಬೇರೆಯಾಗಿ ಕೇಳಿಸುವುದು ಕಷ್ಟ, ನುಡಿಯುವುದು ಇನ್ನೂ ಕಷ್ಟ. ಮಾಂಟ್ರಿಯಲ್‌ನಲ್ಲಿದ್ದ 65 ಜಪಾನಿ ಕಲಿಕಾರ್ಥಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ರ’ಕಾರವಿರುವ ಪದಗಳು ಮತ್ತೆಮತ್ತೆ ಬರುವಂತೆ ಹೆಣೆದ ನಾಲ್ಕು ಗಂಟೆಗಳ ಪಾಠ. ಇನ್ನೊಂದು ಗುಂಪಿಗೆ ಅದೇ ಪಾಠ, ಜೊತೆಗೆ ತಪ್ಪಿದಾಗಲೆಲ್ಲ ಶಿಕ್ಷಕರ ಮರುನುಡಿ. ಮೂರನೆಯ ಗುಂಪಿಗೆ ಉಚ್ಚಾರಕ್ಕೆ ಸಂಬಂಧವಿಲ್ಲದ ಪಾಠ. ಕೊನೆಗೆ ಓದಿಸಿ, ಚಿತ್ರ ತೋರಿಸಿ ಮಾತಾಡಿಸಿ, ಕಿವಿಯಿಂದಲೂ ಯಂತ್ರದಿಂದಲೂ ಅಳೆದರು. ಎದ್ದುಕಾಣುವಷ್ಟು ಸುಧಾರಿಸಿದ್ದು ತಿದ್ದಿಸಿಕೊಂಡ ಗುಂಪು ಮಾತ್ರ. ಪಾಠವೊಂದೇ ಸಾಲಲಿಲ್ಲ.

ಇದರಲ್ಲಿ ಎರಡು ಮಾತು ಗಮನಿಸಬೇಕು. ತಿದ್ದುವುದು ಗೆದ್ದದ್ದು ಪಾಠದ ಬೆನ್ನಿಗೆ ನಿಂತು. ಕಲಿಯುವವರ ಗಮನ ಒಂದು ಧ್ವನಿಯ ಕಡೆಗೆ ಹೋಗುವಂತೆ ಪಾಠವನ್ನು ಮೊದಲೇ ಹೆಣೆದಿದ್ದರು. ಎರಡನೆಯದಾಗಿ, ಆ ನಾಲ್ಕು ಗಂಟೆಯ ತಿದ್ದುಪಡಿಯೆಲ್ಲ ಒಂದೇ ಧ್ವನಿಗೆ ಮೀಸಲಾಗಿತ್ತು. ನಮ್ಮಲ್ಲಿ ಒಂದು ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ಹತ್ತು ಬಗೆಯ ತಪ್ಪುಗಳನ್ನು ಒಂದೊಂದು ಸಲ ತಿದ್ದಿಬಿಡುತ್ತೇವೆ. ಹತ್ತಕ್ಕೂ ಗಮನ ಹಂಚಿಹೋಗಿ ಒಂದೂ ನೆಲೆಯೂರುವುದಿಲ್ಲ.

ನಂತರದ ಅಧ್ಯಯನಗಳು ಈ ಚಿತ್ರಕ್ಕೆ ಗೆರೆಗಳನ್ನು ಸೇರಿಸಿದವು. 2016ರಲ್ಲಿ ಕೊರಿಯದ ವಯಸ್ಕ ಕಲಿಕಾರ್ಥಿಗಳಿಗೆ ಅದೇ ‘ರ’ಕಾರ ಕಲಿಸಿ, ಮರುನುಡಿಯನ್ನೂ ಸುಳಿವು ಕೊಟ್ಟು ಅವರಿಂದಲೇ ಹೊರಡಿಸುವುದನ್ನೂ ಹೋಲಿಸಿ ನೋಡಿದರು. ಮರುನುಡಿಯಿಂದ ಓದುವಾಗಿನ ಉಚ್ಚಾರ ಸುಧಾರಿಸಿತು. ಸುಳಿವು ಪಡೆದವರಿಗೆ ಓದುವಾಗಲೂ ಸುಧಾರಣೆ, ತಮ್ಮಷ್ಟಕ್ಕೆ ಮಾತಾಡುವಾಗಲೂ ಸುಧಾರಣೆ. ಅದಕ್ಕಿಂತ ಒಂದು ವರ್ಷ ಮೊದಲು ಲೀ, ಜಾಂಗ್ ಮತ್ತು ಪ್ಲಾನ್ಸ್ಕಿ ಉಚ್ಚಾರ ಬೋಧನೆಯ ಮೇಲಿನ 86 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದ್ದರು. ಉಚ್ಚಾರವನ್ನು ಕಲಿಸಿದರೆ ಅದು ಸುಧಾರಿಸುತ್ತದೆ, ತಿದ್ದುಪಡಿಯೂ ಸೇರಿದಾಗ ಫಲ ಇನ್ನೂ ದೊಡ್ಡದು ಎಂಬುದು ಅವರ ಲೆಕ್ಕದಿಂದ ಹೊರಟ ಮಾತು. ಅದರ ಜೊತೆಗೇ ಅವರು ಕಂಡ ಇನ್ನೊಂದು ಸಂಗತಿಯನ್ನು ಮರೆಯಬಾರದು. ಪದಗಳ ಪಟ್ಟಿಯನ್ನು ನಿಧಾನವಾಗಿ ಓದಿಸಿ ಪರೀಕ್ಷಿಸಿದಾಗ ಫಲ ದೊಡ್ಡದಾಗಿ ಕಾಣುತ್ತದೆ, ಸಹಜ ಮಾತಿನಲ್ಲಿ ಪರೀಕ್ಷಿಸಿದಾಗ ಕಡಿಮೆಯಾಗುತ್ತದೆ.

ತಿದ್ದುವುದಕ್ಕೆ ಮೊದಲು ಕೇಳಿಸಬೇಕು ಎಂಬ ಮಾತು ಇಲ್ಲಿ ಬರುತ್ತದೆ. ವ್ಯಾಂಕೂವರ್‌ನಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದ ಸಂಗತಿಯೊಂದು ಭಾರತೀಯರಾದ ನಮಗೆ ಸಲೀಸಾಗಿ ಮನವರಿಕೆಯಾಗುತ್ತದೆ. ಇಂಗ್ಲಿಷ್ ಮನೆಯ ಆರೇಳು ತಿಂಗಳ ಕೂಸುಗಳು ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳ ವ್ಯತ್ಯಾಸವನ್ನು ಗುರುತಿಸುತ್ತಿದ್ದವು. ವರ್ಷ ತುಂಬುವ ಹೊತ್ತಿಗೆ ಬಹುತೇಕ ಕೂಸುಗಳಿಗೆ ಅದು ಕೇಳಿಸುತ್ತಿರಲಿಲ್ಲ. ನಮಗೆ ಕಲ್ಲಿನಷ್ಟು ಗಟ್ಟಿಯಾದ ವ್ಯತ್ಯಾಸ ಅವರ ಮಟ್ಟಿಗೆ ಕರಗಿಹೋಗಿತ್ತು. ಕನ್ನಡದ ಕಿವಿಯಲ್ಲೂ ಹೀಗೆ ಮುಚ್ಚಿಹೋದ ಬಾಗಿಲುಗಳಿವೆ. ‘ವೈನ್’ ಎಂಬ ಮದ್ಯಕ್ಕೂ ಬಳ್ಳಿ ಎಂಬರ್ಥದ ‘ವೈನ್’ಗೂ ಇಂಗ್ಲಿಷಿನಲ್ಲಿ ಮೊದಲ ಧ್ವನಿ ಬೇರೆ. ಒಂದಕ್ಕೆ ತುಟಿ ದುಂಡಗಾಗುತ್ತದೆ, ಇನ್ನೊಂದಕ್ಕೆ ಹಲ್ಲು ತುಟಿಗೆ ತಾಗುತ್ತದೆ. ನಮಗೆ ಎರಡೂ ‘ವ’. ಈ ವ್ಯತ್ಯಾಸ ಕೇಳಿಸದ ಮಗುವಿಗೆ ಮೇಷ್ಟ್ರು ಐವತ್ತು ಸಲ ಸರಿರೂಪ ಹೇಳಿದರೂ ಮಗು ತಾನು ಹೇಳಿದ್ದನ್ನೇ ಮೇಷ್ಟ್ರೂ ಹೇಳಿದರು ಎಂದುಕೊಳ್ಳುತ್ತದೆ. ಕೊರಿಯದ ಕಲಿಕಾರ್ಥಿಗಳ ಮೇಲೆ ಲೀ ಮತ್ತು ಲಿಸ್ಟರ್ ನಡೆಸಿದ ಇನ್ನೊಂದು ಕೆಲಸ ಇದಕ್ಕೆ ದಾರಿ ತೋರುತ್ತದೆ. ಅಲ್ಲಿ ತಿದ್ದಿದ್ದು ಕಿವಿಯನ್ನು. ಎರಡು ಸ್ವರಗಳಲ್ಲಿ ಯಾವುದನ್ನು ಕೇಳಿದೆ ಎಂದು ಕೇಳಿ, ತಪ್ಪಿದಾಗಲೆಲ್ಲ ಅಲ್ಲೇ ತಿಳಿಸಿದರು. ಹಾಗೆ ತಿದ್ದಿಸಿಕೊಂಡವರ ಕಿವಿ, ಬರೀ ಪಾಠ ಕೇಳಿದವರ ಕಿವಿಗಿಂತ ಚುರುಕಾಯಿತು. ಜಪಾನಿ ಕಲಿಕಾರ್ಥಿಗಳಿಗೆ ಹಲವು ದನಿಗಳಲ್ಲಿ ‘ರ’-‘ಲ’ ಕೇಳಿಸಿ ತರಬೇತಿ ಕೊಟ್ಟಾಗ, ಉಚ್ಚಾರದ ಪಾಠವನ್ನೇ ಮಾಡದಿದ್ದರೂ ಉಚ್ಚಾರ ಸುಧಾರಿಸಿತ್ತು ಎಂಬುದನ್ನು ಆನ್ ಬ್ರಾಡ್ಲೊ ಮತ್ತು ಸಂಗಡಿಗರು 1997ರಲ್ಲೇ ತೋರಿಸಿದ್ದರು.

ಹಾಗಾದರೆ ಕನ್ನಡದ ಮಗು ಇಂಗ್ಲಿಷಿನಲ್ಲಿ ಎಲ್ಲೆಲ್ಲಿ ಎಡವುತ್ತದೆ? ‘ಕನ್ನಡದ ಮಗು’ ಎಂಬ ಒಬ್ಬನೇ ವ್ಯಕ್ತಿ ಇಲ್ಲ ಎಂಬುದನ್ನು ಮೊದಲು ಹೇಳಬೇಕು. ಆದರೂ ಕೆಲವು ತಪ್ಪುಗಳು ಎಲ್ಲ ಕಡೆ ಕಾಣುತ್ತವೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ, ಆದ್ದರಿಂದ ಬಸ್ಸು, ಬುಕ್ಕು, ರೋಡು. ಪದದ ಮೊದಲ ‘ಎ’ಕಾರಕ್ಕೆ ನಮ್ಮ ಮಾತಿನಲ್ಲಿ ‘ಯ’ ಸೇರುತ್ತದೆ, ‘ಒ’ಕಾರಕ್ಕೆ ‘ವ’ ಸೇರುತ್ತದೆ. ಹೀಗೆ ಮೊಟ್ಟೆ ಎಂಬರ್ಥದ ‘ಎಗ್’ ಎಂಬುದು ‘ಯೆಗ್ಗು’ ಆಗುತ್ತದೆ, ‘ಓನ್ಲಿ’ ಎಂಬುದು ‘ವೋನ್ಲಿ’ ಆಗುತ್ತದೆ. ಜೀಬ್ರಾ, ಜೂ, ಜೀರೋಗಳಲ್ಲಿ ಹಲ್ಲಿನ ಸಂದಿಯಿಂದ ಗುಂಯ್‌ಗುಡುತ್ತಾ ಬರಬೇಕಾದ ಧ್ವನಿ ನಮ್ಮ ‘ಜ’ ಆಗಿಬಿಡುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕಂಡರೆ ಒತ್ತಿ ಹೇಳಬೇಕು. ಹಾಗಾಗಿ ಇಂಗ್ಲಿಷಿನಲ್ಲಿ ಎರಡು ‘ಎಮ್’ ಕಂಡ ಮಗು ‘ಸಮ್ಮರ್’ ಎಂದು ಒತ್ತುತ್ತದೆ. ಇದು ಮಗುವಿನ ಸೋಮಾರಿತನವಲ್ಲ. ಬರೆದದ್ದನ್ನೆಲ್ಲ ನುಡಿಯಬೇಕೆಂದು ಒಂದನೇ ತರಗತಿಯಿಂದ ಕನ್ನಡ ಕಲಿಸಿದ ಶಿಸ್ತನ್ನು ಅದು ನಿಷ್ಠೆಯಿಂದ ಪಾಲಿಸುತ್ತಿದೆ. ‘ಲುಕೆಡ್’ ಎಂಬುದೂ ಅದೇ ನಿಷ್ಠೆಯ ಫಲ. ಭೂತಕಾಲದ ಆ ಎರಡು ಅಕ್ಷರಗಳು ಇಂಗ್ಲಿಷಿನಲ್ಲಿ ಮೂರು ಬಗೆಯಲ್ಲಿ ಕೇಳಿಸುತ್ತವೆ. ‘ಲುಕ್ಟ್’ನಲ್ಲಿ ‘ಟ್’, ‘ಪ್ಲೇಡ್’ನಲ್ಲಿ ‘ಡ್’, ‘ವಾಂಟಿಡ್’ನಲ್ಲಿ ‘ಇಡ್’. ಹಿಂದಿನ ಧ್ವನಿ ಯಾವುದು ಎಂಬುದರ ಮೇಲೆ ಇದು ನಿಂತಿದೆ. ಈ ನಿಯಮವನ್ನು ಹತ್ತು ನಿಮಿಷದಲ್ಲಿ ಹೇಳಿಕೊಡಬಹುದು. ಅದನ್ನು ಹೇಳದೆ ಪ್ರತಿ ಪದವನ್ನೂ ಬಿಡಿಬಿಡಿಯಾಗಿ ತಿದ್ದುತ್ತಾ ಹೋದರೆ ಮಗು ನೂರು ಪದಗಳನ್ನು ನೂರು ಅಪವಾದಗಳೆಂದು ಕಲಿಯಬೇಕಾಗುತ್ತದೆ.

ಇನ್ನು ಸೀಮೆಗೊಂದು ಬಗೆ. ಮಂಡ್ಯ, ಚಾಮರಾಜನಗರದ ಹಳ್ಳಿಗಳಲ್ಲಿ ಹಾಲು ‘ಆಲು’, ಹೋಗು ‘ಓಗು’. ಆ ಮಗು ಇಂಗ್ಲಿಷಿನಲ್ಲೂ ‘ಔಸ್’ ಎನ್ನುತ್ತದೆ. ಅದನ್ನು ಬಿರುಸಾಗಿ ತಿದ್ದಿದರೆ ಇನ್ನೊಂದು ತಪ್ಪು ಹುಟ್ಟುತ್ತದೆ. ಎಲ್ಲಿ ‘ಹ’ ಬೇಕು ಎಂಬುದು ತಿಳಿಯದೆ, ಬೇಡದ ಕಡೆಯೂ ಸೇರಿಸಿ ‘ಹೆಗ್’ ಎನ್ನತೊಡಗುತ್ತದೆ. ತಿದ್ದುವುದರ ಈ ಅಡ್ಡಪರಿಣಾಮವನ್ನು ಕನ್ನಡ ಮೇಷ್ಟ್ರುಗಳು ಬಹು ಹಿಂದಿನಿಂದ ಬಲ್ಲರು, ‘ಆನೆ’ಯನ್ನು ‘ಹಾನೆ’ ಮಾಡಿದ ಮಕ್ಕಳು ಅವರ ತರಗತಿಯಲ್ಲಿದ್ದಾರೆ. ತಿದ್ದುಪಡಿ ಭಾಷೆಯ ಗಡಿಯನ್ನೂ ದಾಟುತ್ತದೆ. ಇಂಗ್ಲಿಷಿನ ‘ಫ್ಯಾನ್’, ‘ಫೀಸ್’ಗಳನ್ನು ಹಲ್ಲು-ತುಟಿ ತಾಗಿಸಿ ಹೇಳಲು ಕಲಿತವರು ಈಗ ಕನ್ನಡದ ‘ಫಲ’, ‘ಫಲಕ’ಗಳನ್ನೂ ಹಾಗೆಯೇ ಹೇಳುತ್ತಿದ್ದಾರೆ. ನಗರದ ಮಕ್ಕಳ ಬಾಯಲ್ಲಿ ಮಹಾಪ್ರಾಣದ ‘ಫ’ ಬಹುಮಟ್ಟಿಗೆ ಮರೆಯಾಗಿದೆ.

ಇಷ್ಟು ತಪ್ಪುಗಳಲ್ಲಿ ಯಾವುದನ್ನು ತಿದ್ದಬೇಕು? ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ತಿರುಳು ಇಲ್ಲಿದೆ. ಒಂದು ಕಾಲಕ್ಕೆ ಗುರಿ ಸರಳವಾಗಿತ್ತು, ಲಂಡನ್ನಿನ ಸುಶಿಕ್ಷಿತರಂತೆ ಮಾತಾಡಬೇಕು ಎಂದು. 1995ರಲ್ಲಿ ಮರ್ರೆ ಮನ್ರೊ ಮತ್ತು ಟ್ರೇಸಿ ಡರ್ವಿಂಗ್ ಮೂರು ಸಂಗತಿಗಳನ್ನು ಬಿಡಿಸಿ ತೋರಿಸಿದರು. ಮಾತಿನಲ್ಲಿ ಪರಭಾಷೆಯ ಛಾಯೆ ಎಷ್ಟಿದೆ ಎಂಬುದು ಒಂದು, ಕೇಳುವವರಿಗೆ ಅರ್ಥಮಾಡಿಕೊಳ್ಳಲು ಎಷ್ಟು ಶ್ರಮವಾಗುತ್ತದೆ ಎಂಬುದು ಇನ್ನೊಂದು, ಕೊನೆಗೆ ಅರ್ಥವಾಯಿತೇ ಎಂಬುದು ಮತ್ತೊಂದು. ಛಾಯೆ ದಟ್ಟವಾಗಿದ್ದರೂ ಮಾತು ಪೂರ್ತಿ ಅರ್ಥವಾಗಬಹುದು. 2005ರಲ್ಲಿ ಜಾನ್ ಲೀವಿಸ್ ಇದನ್ನೇ ಎರಡು ತತ್ತ್ವಗಳ ನಡುವಿನ ಆಯ್ಕೆಯಾಗಿ ಮುಂದಿಟ್ಟರು. ಹುಟ್ಟುಭಾಷಿಕರಂತೆ ಕೇಳಿಸುವುದು ಒಂದು ಗುರಿ, ಅರ್ಥವಾಗುವಂತೆ ಮಾತಾಡುವುದು ಇನ್ನೊಂದು ಗುರಿ. ಎರಡನೆಯದನ್ನು ಒಪ್ಪಿದರೆ ಶಿಕ್ಷಕರ ಹೊರೆ ಎಷ್ಟೋ ಇಳಿಯುತ್ತದೆ.

ಜೆನಿಫರ್ ಜೆಂಕಿನ್ಸ್ 2000ದಲ್ಲಿ ಬೇರೆಬೇರೆ ದೇಶದವರು ತಮ್ಮತಮ್ಮಲ್ಲಿ ಇಂಗ್ಲಿಷ್ ಮಾತಾಡುವಾಗ ಎಲ್ಲಿ ಅರ್ಥ ಕೆಡುತ್ತದೆ ಎಂದು ಪರಿಶೀಲಿಸಿ, ಬಿಡಲಾಗದವುಗಳ ಪಟ್ಟಿ ಮಾಡಿದರು. ‘ಥಿಂಕ್’, ‘ದಿಸ್’ ಪದಗಳಲ್ಲಿ ನಾಲಿಗೆಯನ್ನು ಹಲ್ಲುಗಳ ನಡುವೆ ಚಾಚಿ ಹೇಳುವ ಧ್ವನಿಗಳು ಆ ಪಟ್ಟಿಯಲ್ಲಿಲ್ಲ. ನಮ್ಮ ‘ಥ’, ‘ದ’ ಸಾಕು. ನಮ್ಮ ಎಷ್ಟೋ ತರಗತಿಗಳಲ್ಲಿ ಮಕ್ಕಳ ನಾಲಿಗೆಯನ್ನು ಹೊರಗೆ ಚಾಚಿಸಿ ಇದೇ ಧ್ವನಿಯ ಮೇಲೆ ದಿನಗಟ್ಟಲೆ ಶ್ರಮ ಹಾಕುತ್ತಾರೆ. ಆ ಶ್ರಮ ಬೇರೆಡೆಗೆ ಸಲ್ಲಬೇಕು. ಪಟ್ಟಿಯಲ್ಲಿ ಇರುವುದು ಹ್ರಸ್ವ-ದೀರ್ಘಗಳ ವ್ಯತ್ಯಾಸ, ಪದದ ಮೊದಲಿನ ವ್ಯಂಜನಗಳ ಗೊಂಚಲಿನಲ್ಲಿ ಒಂದನ್ನೂ ಬಿಡದಿರುವುದು, ವಾಕ್ಯದ ಮುಖ್ಯ ಪದದ ಮೇಲೆ ಒತ್ತು, ಮತ್ತು ಪದದ ಮೊದಲಿನ ‘ಪ’, ‘ಟ’, ‘ಕ’ಗಳಿಗೆ ಉಸಿರು ಸೇರಿಸುವುದು. ಈ ಕೊನೆಯದು ನಮಗೆ ತೀರ ಮುಖ್ಯ. ಕನ್ನಡಿಗರು ಉಸಿರಿಲ್ಲದೆ ‘ಪಿನ್’ ಎಂದರೆ ಹೊರದೇಶದ ಕಿವಿಗೆ ಅದು ‘ಬಿನ್’ ಎಂದು ಕೇಳಿಸಬಹುದು. ನಮ್ಮ ವರ್ಣಮಾಲೆಯಲ್ಲೇ ಅಲ್ಪಪ್ರಾಣ-ಮಹಾಪ್ರಾಣಗಳ ಪಾಠವಿರುವುದರಿಂದ ಇದನ್ನು ಕಲಿಸಲು ಪರದೇಶದ ಪುಸ್ತಕ ಬೇಕಿಲ್ಲ. ಹ್ರಸ್ವ-ದೀರ್ಘವಂತೂ ಕನ್ನಡದ ಮಗುವಿಗೆ ಹುಟ್ಟಿನಿಂದ ಬಂದ ಆಸ್ತಿ.

ಒಂದು ವಿಷಯದಲ್ಲಿ ಮಾತ್ರ ಜೆಂಕಿನ್ಸ್ ಪಟ್ಟಿಯನ್ನು ಹಾಗೇ ಒಪ್ಪಲು ನನಗೆ ಮನಸ್ಸಿಲ್ಲ. ಪದದೊಳಗೆ ಯಾವ ಉಚ್ಚಾರಾಂಶದ ಮೇಲೆ ಒತ್ತು ಬೀಳಬೇಕು ಎಂಬುದನ್ನು ಅವರು ಕೈಬಿಟ್ಟಿದ್ದಾರೆ. ಆದರೆ ಭಾರತೀಯರ ಇಂಗ್ಲಿಷನ್ನು ಬೇರೆ ದೇಶದವರಿಗೆ ಕೇಳಿಸಿ ಪರೀಕ್ಷಿಸಿದ ಆರ್.ಕೆ. ಬನ್ಸಲ್ ಅವರ ಅಧ್ಯಯನ 1969ರಲ್ಲಿ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಿಂದ ಪ್ರಕಟವಾಯಿತು. ಅರ್ಥ ಕೆಡುವುದಕ್ಕೆ ಅವರು ಕಂಡ ಬಹುಮುಖ್ಯ ಕಾರಣಗಳಲ್ಲಿ ಪದದ ಒತ್ತು ತಪ್ಪುವುದು ಒಂದು. ಕನ್ನಡದಲ್ಲಿ ಒತ್ತು ಬದಲಾದರೆ ಪದದ ಅರ್ಥ ಬದಲಾಗುವುದಿಲ್ಲ, ಹಾಗಾಗಿ ಅದು ನಮ್ಮ ಗಮನಕ್ಕೇ ಬರುವುದಿಲ್ಲ. ‘ಹೋಟೆಲ್’, ‘ಡೆವಲಪ್’, ‘ಇವೆಂಟ್’ ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ಎರಡನೆಯ ಉಚ್ಚಾರಾಂಶದ ಮೇಲೆ ಒತ್ತು, ನಮ್ಮಲ್ಲಿ ಬಹುತೇಕ ಎಲ್ಲರೂ ಮೊದಲಿನದರ ಮೇಲೆ ಹಾಕುತ್ತೇವೆ. ತರಗತಿಯಲ್ಲಿ ಒತ್ತನ್ನು ತಿದ್ದುವ ಶಿಕ್ಷಕರು ವಿರಳ. ಬಿಡಿ ಧ್ವನಿಯನ್ನು ತಿದ್ದುವುದು ಸುಲಭವಾದ್ದರಿಂದ ಎಲ್ಲರೂ ಅದನ್ನೇ ತಿದ್ದುತ್ತೇವೆ. ಚಪ್ಪಾಳೆ ತಟ್ಟಿಸಿ, ಎಲ್ಲಿ ಜೋರಾಗಿ ತಟ್ಟಬೇಕೆಂದು ಕೇಳಿದರೆ ಮೂರನೇ ತರಗತಿಯ ಮಕ್ಕಳೂ ಒತ್ತನ್ನು ಗುರುತಿಸುತ್ತಾರೆ.

ತಿದ್ದುವುದೇ ಬೇಡ ಎಂಬ ವಾದವನ್ನೂ ನ್ಯಾಯವಾಗಿ ಕೇಳಬೇಕು. ಸ್ಟೀಫನ್ ಕ್ರಾಷನ್, ಆತಂಕ ಹೆಚ್ಚಿದಷ್ಟೂ ಭಾಷೆ ಒಳಗಿಳಿಯುವುದು ಕಡಿಮೆ, ತಿದ್ದುವುದರಿಂದ ಆತಂಕವೇ ಹೆಚ್ಚುತ್ತದೆ ಎಂದರು. ಜಾನ್ ಟ್ರಸ್ಕಾಟ್ 1999ರಲ್ಲಿ ಮಾತಿನ ನಡುವೆ ವ್ಯಾಕರಣ ತಿದ್ದುವುದನ್ನು ಕೈಬಿಡಿ ಎಂದೇ ಬರೆದರು. ನಮ್ಮ ಬೆಂಗಳೂರಿನ ಹೆಸರು ಈ ಚರ್ಚೆಯಲ್ಲಿ ಪ್ರಪಂಚದಾದ್ಯಂತ ಕೇಳಿಬರಲು ಕಾರಣ ಎನ್.ಎಸ್. ಪ್ರಭು. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮೊದಲಾದ ಕಡೆ ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಯಿತು. ನಕ್ಷೆ ನೋಡಿ ದಾರಿ ಹುಡುಕುವುದು, ರೈಲಿನ ವೇಳಾಪಟ್ಟಿ ಓದಿ ಉತ್ತರಿಸುವುದು ಇಂಥ ಕೆಲಸಗಳ ಮೂಲಕ ಇಂಗ್ಲಿಷ್ ಕಲಿಸುವುದು ಅವರ ದಾರಿ. ಅಲ್ಲಿ ತಿದ್ದುವುದು ಇತ್ತು, ಆದರೆ ಅದು ಪ್ರಾಸಂಗಿಕ. ಆ ಹೊತ್ತಿನ ತಪ್ಪನ್ನು ಆ ಹೊತ್ತಿಗೆ ಸರಿಪಡಿಸಿ ಕೆಲಸ ಮುಂದುವರಿಸುವುದು. ಅದರಿಂದ ನಿಯಮ ತೆಗೆಯುವುದು, ಅಭ್ಯಾಸ ಮಾಡಿಸುವುದು ಇರಲಿಲ್ಲ. ಮಾತಿನ ಅರ್ಥಕ್ಕೇ ಗಮನವಿರಲಿ ಎಂಬ ಪ್ರಭು ಅವರ ನಿಲುವನ್ನು ನಾನು ಗೌರವಿಸುತ್ತೇನೆ. ವ್ಯಾಕರಣಕ್ಕೆ ಅದು ಒಪ್ಪಲೂಬಹುದು. ಆದರೆ ಧ್ವನಿಯ ವಿಚಾರದಲ್ಲಿ ಮಾಂಟ್ರಿಯಲ್‌ನ ಪ್ರಯೋಗಗಳನ್ನು ಓದಿದ ಮೇಲೆ, ಪೂರ್ವಸಿದ್ಧತೆಯಿಲ್ಲದ ಪ್ರಾಸಂಗಿಕ ತಿದ್ದುಪಡಿ ಸಾಲದು ಎಂದೇ ನನಗೆ ಅನ್ನಿಸುತ್ತದೆ.

ಆತಂಕದ ಮಾತು ಮಾತ್ರ ಪೂರ್ತಿ ನಿಜ. ಪರಭಾಷೆಯ ತರಗತಿಯ ಆತಂಕವನ್ನು ಅಳೆಯಲು ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ ರೂಪಿಸಿದ ಪ್ರಶ್ನಾವಳಿಯಲ್ಲಿ, ನಾನು ಮಾತಾಡಿದರೆ ಉಳಿದವರು ನಗುತ್ತಾರೆ ಎಂಬ ಭಯಕ್ಕೂ ಜಾಗವಿದೆ. ನಮ್ಮಲ್ಲಿ ಆ ನಗುವಿಗೆ ಇನ್ನೊಂದು ಮುಖವಿದೆ. ‘ಹ’ಕಾರ, ‘ಶ’ಕಾರ ಬರದ ಮಗುವನ್ನು ಬೆಳಗ್ಗೆ ಕನ್ನಡ ಪೀರಿಯಡ್ಡಿನಲ್ಲಿ ತಿದ್ದಿರುತ್ತಾರೆ, ಮಧ್ಯಾಹ್ನ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಅದೇ ಧ್ವನಿಗೆ ಮತ್ತೆ ತಿದ್ದುತ್ತಾರೆ. ಆ ಉಚ್ಚಾರ ಅದರ ಮನೆಯದು, ಅಮ್ಮನದು, ಕೇರಿಯದು. ಅದಕ್ಕೆ ಜಾತಿಯ ಅವಮಾನವೂ ಅಂಟಿಕೊಂಡಿರುವ ಊರುಗಳಿವೆ. ಅಂಥ ಮಗು ಎರಡು ಸಲ ನಗೆಗೀಡಾದರೆ ಮೂರನೆಯ ಸಲ ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದ ಮಗುವಿನ ಉಚ್ಚಾರವನ್ನು ಯಾವ ವಿಧಾನವೂ ಸುಧಾರಿಸಲಾರದು. ಹಾಗೆಂದು ಮಕ್ಕಳು ತಿದ್ದಿಸಿಕೊಳ್ಳಲು ಒಲ್ಲರು ಎಂದಲ್ಲ. ರೆನೇಟ್ ಶುಲ್ಟ್ಸ್ 1996ರಲ್ಲಿ ಕಂಡಂತೆ, ಎಷ್ಟು ತಿದ್ದಬೇಕೆಂದು ಶಿಕ್ಷಕರು ಭಾವಿಸುತ್ತಾರೋ ಅದಕ್ಕಿಂತ ಹೆಚ್ಚು ತಿದ್ದಬೇಕೆಂದು ವಿದ್ಯಾರ್ಥಿಗಳೇ ಬಯಸುತ್ತಾರೆ. ಅವರಿಗೆ ಬೇಡವಾದದ್ದು ಅಪಹಾಸ್ಯ. ‘ನಿಮ್ಮನೇಲಿ ಹೀಗಂತೀರಿ, ಇಂಗ್ಲಿಷಲ್ಲಿ ಹೀಗಂತಾರೆ ಕಣಪ್ಪ, ಎರಡನ್ನೂ ಹೇಳು ನೋಡೋಣ’ ಎನ್ನುವ ಮೇಷ್ಟ್ರ ಮುಂದೆ ಅದೇ ಮಗು ಧೈರ್ಯವಾಗಿ ನಿಲ್ಲುತ್ತದೆ.

ಶಿಕ್ಷಕರ ಕಡೆಯ ಕಷ್ಟವೂ ದೊಡ್ಡದು. 2007–08ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. 2019–20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಕಲಿಸಿಕೊಂಡು ಬಂದವರು ಇಂಗ್ಲಿಷ್ ಉಚ್ಚಾರಕ್ಕೂ ಮಾದರಿಯಾಗಬೇಕಾಯಿತು. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ, 1963ರಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರಿಗೆ ತರಬೇತಿ ಕೊಡುತ್ತಾ ಬಂದಿದೆ. ಆದರೆ ತನ್ನ ಉಚ್ಚಾರದ ಬಗ್ಗೆಯೇ ಅನುಮಾನವಿರುವ ಶಿಕ್ಷಕಿ ಎರಡರಲ್ಲಿ ಒಂದು ಮಾಡುತ್ತಾರೆ, ತಿದ್ದುವುದನ್ನೇ ಬಿಡುತ್ತಾರೆ ಅಥವಾ ತಾನು ಕಲಿತ ರೂಪವೇ ಸರಿ ಎಂದುಕೊಂಡು ಸರಿಯಾಗಿ ಹೇಳಿದ ಮಗುವನ್ನೂ ತಿದ್ದುತ್ತಾರೆ. ಮೊಬೈಲಿನಲ್ಲಿ ಸಿಗುವ ನಿಘಂಟು ಪದವನ್ನು ನುಡಿದು ತೋರಿಸುವ ಈ ಕಾಲದಲ್ಲಿ ಶಿಕ್ಷಕರು ತಾವೇ ಎಲ್ಲವನ್ನೂ ಬಲ್ಲೆವೆಂದು ತೋರಿಸಿಕೊಳ್ಳಬೇಕಾದ ಅಗತ್ಯವಿಲ್ಲ. ‘ಬಾ, ಇಬ್ಬರೂ ಕೇಳೋಣ’ ಎಂದರೆ ಮಗುವಿನ ಕಣ್ಣಲ್ಲಿ ಅವರ ಗೌರವ ಇಳಿಯುವುದಿಲ್ಲ.

ವಯಸ್ಕರ ಲೋಕದಲ್ಲಿ ಇದೇ ಕೆಲಸಕ್ಕೆ ಸಂಬಳವಿದೆ. ಬೆಂಗಳೂರಿನ ಕಾಲ್ ಸೆಂಟರುಗಳು ಬೆಳೆದ ಕಾಲದಲ್ಲಿ ವಾಯ್ಸ್ ಅಂಡ್ ಆಕ್ಸೆಂಟ್ ಟ್ರೈನರ್ ಎಂಬ ಹುದ್ದೆ ಹುಟ್ಟಿತು. ಅಭ್ಯರ್ಥಿಯ ಮಾತಿನಲ್ಲಿ ‘ಎಂಟಿಐ’ ಇದೆ, ಅಂದರೆ ತಾಯ್ನುಡಿಯ ಪ್ರಭಾವವಿದೆ ಎಂಬ ಒಂದೇ ಷರಾದಿಂದ ಕೆಲಸ ತಪ್ಪುತ್ತಿತ್ತು. ಆ ತರಬೇತಿಗಳಲ್ಲಿ ಕಿವಿಗೆ ಅಭ್ಯಾಸ, ಒತ್ತಿನ ಅಭ್ಯಾಸ, ಧ್ವನಿಮುದ್ರಿಸಿ ಕೇಳಿಸುವುದು ಎಲ್ಲವೂ ಇದ್ದವು. ಶಾಲೆ ಎರವಲು ಪಡೆಯಬೇಕಾದದ್ದು ಆ ವಿಧಾನಗಳನ್ನು, ತಾಯ್ನುಡಿಯ ನೆರಳನ್ನೇ ರೋಗವೆಂದು ಕಾಣುವ ದೃಷ್ಟಿಯನ್ನಲ್ಲ.

ನಲವತ್ತು ಮಕ್ಕಳು, 40 ನಿಮಿಷದ ಪೀರಿಯಡ್ಡು. ಇದರಲ್ಲಿ ಆಗುವುದೆಷ್ಟು? ವಾರಕ್ಕೊಂದೇ ಧ್ವನಿ ಎಂದಿಟ್ಟುಕೊಂಡರೆ ಆಗುತ್ತದೆ. ಸೋಮವಾರ ಆ ಧ್ವನಿಯನ್ನು ಕೇಳಿಸಿ, ಎರಡು ಪದಗಳಲ್ಲಿ ಯಾವುದನ್ನು ಹೇಳಿದೆ ಎಂದು ಕೈ ಎತ್ತಿಸಬೇಕು. ಆ ವಾರ ಪಾಠದಲ್ಲಿ ಅದು ಬಂದಾಗಲೆಲ್ಲ ತಿದ್ದಬೇಕು, ಉಳಿದವನ್ನು ಸದ್ಯಕ್ಕೆ ಬಿಡಬೇಕು. ಇಡೀ ತರಗತಿಗೆ ಒಕ್ಕೊರಲಿನಲ್ಲಿ ಹೇಳಿಸುವುದು ನಾಚಿಕೆಯ ಮಕ್ಕಳಿಗೆ ಮರೆ ಕೊಡುತ್ತದೆ, ಆದರೆ ಅದರಲ್ಲಿ ಯಾರು ಏನು ಹೇಳಿದರು ಎಂಬುದು ಕೇಳಿಸದು. ಆದ್ದರಿಂದ ಅದರ ಬೆನ್ನಿಗೆ ನಾಲ್ಕೈದು ಮಕ್ಕಳಿಂದ ಬಿಡಿಯಾಗಿ ಹೇಳಿಸಬೇಕು. ತಿದ್ದಿದ ಮೇಲೆ ಮುಂದಿನ ಪದಕ್ಕೆ ಓಡದೆ, ಅದೇ ಮಗುವಿಗೆ ಅದೇ ಪದವನ್ನು ಒಂದು ವಾಕ್ಯದಲ್ಲಿ ಹೇಳಲು ಇನ್ನೊಂದು ಸರದಿ ಕೊಡಬೇಕು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡೂ ಕಾಯುವುದಿಲ್ಲ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರದ ಗುಣವೇ ಬದಲಾಗುತ್ತದೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳಲ್ಲಿ ಕಂಡಿದ್ದರು. ಉಚ್ಚಾರ ತಿದ್ದುವಾಗಲೂ ಆ ಮೂರು ಸೆಕೆಂಡಿನ ಅಗತ್ಯ ಅಷ್ಟೇ ಇದೆ. ನಾಲಿಗೆ ಹೊಸ ಜಾಗ ಹುಡುಕಿಕೊಳ್ಳಲು ಅಷ್ಟಾದರೂ ಬಿಡುವು ಬೇಕು.

ಇಲ್ಲಿ ಹೇಳಿದ ಪ್ರಯೋಗಗಳಲ್ಲಿ ಬಹುಪಾಲು ಜಪಾನಿ, ಕೊರಿಯನ್ ಮಾತಾಡುವ ವಯಸ್ಕರ ಮೇಲೆ ನಡೆದವು. ಅವರ ‘ರ’-‘ಲ’ ನಮ್ಮ ಮಕ್ಕಳ ಸಮಸ್ಯೆಯೇ ಅಲ್ಲ. ನಮಗೆ ಬೇಕಾದದ್ದು ನಮ್ಮ ಧ್ವನಿಗಳ ಮೇಲಿನ ಕೆಲಸ. ಕಲಬುರಗಿಯಲ್ಲಿ ಉರ್ದು ಮನೆಮಾತಿನ ಮಗುವಿಗೆ ‘ಜೀಬ್ರಾ’, ‘ಫ್ಯಾನ್’ಗಳ ಮೊದಲ ಧ್ವನಿ ಸಲೀಸು, ಆದರೆ ಸ್ಕೂಲು ‘ಇಸ್ಕೂಲ್’ ಆಗುತ್ತದೆ. ಪಕ್ಕದಲ್ಲೇ ಕೂತ ಕನ್ನಡ ಮನೆಮಾತಿನ ಮಗುವಿಗೆ ಸ್ಕೂಲು ಸಲೀಸು, ಜೀಬ್ರಾ ಕಷ್ಟ. ಮಂಗಳೂರಿನ ತುಳು ಮಗುವಿನ, ಕಾರವಾರದ ಕೊಂಕಣಿ ಮಗುವಿನ, ಚಾಮರಾಜನಗರದ ಮಗುವಿನ ಪಟ್ಟಿಗಳು ಬೇರೆಬೇರೆ. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ, ಕ್ಲಸ್ಟರಿನ ಸಮಾಲೋಚನಾ ಸಭೆಗಳಲ್ಲಿ ಶಿಕ್ಷಕರು ತಮ್ಮ ತರಗತಿಯ ಹತ್ತು ನಿಮಿಷದ ಓದನ್ನು ಮೊಬೈಲಿನಲ್ಲಿ ಹಿಡಿದು ತಂದು ಒಟ್ಟಿಗೆ ಕೇಳಿದರೆ, ಆ ಜಿಲ್ಲೆಯ ಮಕ್ಕಳಿಗೆ ಮೊದಲು ತಿದ್ದಬೇಕಾದ ಐದಾರು ಧ್ವನಿಗಳು ಯಾವುವು ಎಂಬುದು ಒಂದೆರಡು ಸಭೆಯಲ್ಲೇ ಹೊರಬೀಳುತ್ತದೆ. ಅದೇ ಮಕ್ಕಳ ಓದನ್ನು ವರ್ಷದ ಕೊನೆಗೆ ಮತ್ತೊಮ್ಮೆ ಮುದ್ರಿಸಿಕೊಂಡು ಪಕ್ಕಪಕ್ಕದಲ್ಲಿಟ್ಟು ಕೇಳಬೇಕು. ಮೊಬೈಲು ಈಗ ಪ್ರತಿ ಶಿಕ್ಷಕರ ಕೈಯಲ್ಲೂ ಇದೆ.